ಲೆವೆಲ್ ಕ್ರಾಸ್‌ನ ಇಂಜಿನ್ ಮೇಸ್ತ್ರಿ

ನಮ್ಮ ಕಡೆ ಕಂಡಕ್ಟರು "ಕ್ರಾಸ್ ಯಾರ್ರೀ, ಮುಂದೆ ಬನ್ನಿ" ಎಂದು ಕೂಗಿದರೆ ಅಲ್ಲಿ ಊರಿರಬೇಕೆಂದೇನಿಲ್ಲ. ಎರಡು ರಸ್ತೆ ಕೂಡುವ ಜಾಗ, ಒಂದು ಟೀ ಅಂಗಡಿ, ಪಕ್ಕದಲ್ಲಿ ಪಂಕ್ಚರ್ ಹಾಕುವವನ ಟೈರು ರಾಶಿ. ಊರು ಇನ್ನೂ ಎರಡು ಮೈಲಿ ಒಳಗೆ. ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಲೆವೆಲ್ ಕ್ರಾಸ್ ಹೆಸರಿನಲ್ಲಿ ಮಾತ್ರವಲ್ಲ, ಗಾತ್ರದಲ್ಲೂ ಅಂಥದೇ ಒಂದು ಕ್ರಾಸ್. ಹತ್ತಿರದ ಪಟ್ಟಣ ರ್‍ಯಾಂಡಲ್‌ಮನ್. ಇಲ್ಲಿನ ಒಂದು ಮನೆಯ ಬಳಿ, ಕೊಯ್ಲಿನ ಯಂತ್ರ ನಿಲ್ಲಿಸುತ್ತಿದ್ದ ಮಣ್ಣುನೆಲದ ಕೊಟ್ಟಿಗೆಯಲ್ಲಿ ಶುರುವಾದ ಗ್ಯಾರೇಜು ಮುಂದೆ ಪೆಟ್ಟಿ ಎಂಟರ್‌ಪ್ರೈಸಸ್ ಎಂದು ಹೆಸರು ಮಾಡಿತು. 1949ರಲ್ಲಿ ಮೊದಲ ಓಟ. 2009ರ ಆರಂಭದಲ್ಲಿ ಇನ್ನೊಂದು ತಂಡದೊಂದಿಗೆ ವಿಲೀನ. ನಡುವಿನ ಆರು ದಶಕಗಳಲ್ಲಿ 268 ಗೆಲುವು. ಸ್ಟಾಕ್ ಕಾರ್ ರೇಸಿನ ಆ ದಾಖಲೆಯನ್ನು ಹೆಂಡ್ರಿಕ್ ತಂಡ ದಾಟಿದ್ದು 2021ರಲ್ಲಿ.

ಪೆಟ್ಟಿ ಮನೆತನ ರೇಸಿಗಿಳಿದು 75 ವರ್ಷ ಕಳೆದ ನೆಪದಲ್ಲಿ ಈ ಸಂಚಿಕೆಗೆ ಒಂದು ಚರಿತ್ರೆ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಅವರ ಮನಸ್ಸಿನಲ್ಲಿದ್ದದ್ದು ರಿಚರ್ಡ್ ಪೆಟ್ಟಿಯವರ ಹೆಸರು ಎಂಬುದು ನನಗೆ ಗೊತ್ತು. ಕರಿ ಕನ್ನಡಕ, ಗರಿ ಸಿಕ್ಕಿಸಿದ ಕೌಬಾಯ್ ಟೋಪಿ, 43ನೇ ನಂಬರಿನ ನೀಲಿ ಕಾರು, 200 ಗೆಲುವು, ಏಳು ಚಾಂಪಿಯನ್‌ಷಿಪ್. ಅವರ ಬಗ್ಗೆ ಬರೆದದ್ದು ಒಂದು ಬೀರು ತುಂಬುವಷ್ಟಿದೆ. ನಾನು ಅವರ ತಮ್ಮನ ಬಗ್ಗೆ ಬರೆಯುತ್ತೇನೆಂದೆ. ಯಕ್ಷಗಾನ ನೋಡಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ವೇಷ ಕಣ್ಣಿಗೆ ಬೀಳುತ್ತದೆ, ಆಟ ನಿಂತಿರುವುದು ಹಿಮ್ಮೇಳದ ಮೇಲೆ. ಮಾರಿಸ್ ಪೆಟ್ಟಿ ಈ ತಂಡದ ಹಿಮ್ಮೇಳ. ಗ್ಯಾರೇಜಿನವರೆಲ್ಲ ಅವರನ್ನು ಕರೆಯುತ್ತಿದ್ದದ್ದು 'ಚೀಫ್' ಎಂದು.

ಮೊದಲು ಎರಡು ಮಾತು ಆಟದ ಬಗ್ಗೆ. ಸ್ಟಾಕ್ ಕಾರ್ ಎಂದರೆ ಮೂಲದಲ್ಲಿ ಷೋರೂಮಿನಿಂದ ಯಾರು ಬೇಕಾದರೂ ಕೊಂಡು ತರಬಹುದಾದ ಕಾರು. ಸ್ವಂತ ಗಾಡಿಯನ್ನೇ ಓಡಿಸಿ ಯಾರದು ವೇಗವೆಂದು ನೋಡಿಬಿಡುವ ಹಳ್ಳಿಗಾಡಿನ ಪಂದ್ಯಕ್ಕೆ 1948ರಲ್ಲಿ ಬಿಲ್ ಫ್ರಾನ್ಸ್ ಎಂಬವರು ನ್ಯಾಸ್ಕಾರ್ ಎಂಬ ಸಂಸ್ಥೆ ಕಟ್ಟಿ ನಿಯಮದ ಚೌಕಟ್ಟು ಹಾಕಿದರು. ಮರುವರ್ಷ ಜೂನ್ 19ರಂದು ಷಾರ್ಲೆಟ್‌ನಲ್ಲಿ ಅದರ ಮೊದಲ ದೊಡ್ಡ ಓಟ. ಲೆವೆಲ್ ಕ್ರಾಸ್‌ನ ಲೀ ಪೆಟ್ಟಿ ಅಂದು ಎರವಲು ತಂದ ಬ್ಯೂಕ್ ರೋಡ್‌ಮಾಸ್ಟರ್ ಕಾರನ್ನೇ ಟ್ರ್ಯಾಕಿಗಿಳಿಸಿ ಮಗುಚಿ ಹಾಕಿದರು. ಬಂದ ಗಾಡಿಯೇ ಹೋದ ಮೇಲೆ ಮನೆಗೆ ಮರಳಲು ಬೇರೆಯವರ ಗಾಡಿ ಹುಡುಕಬೇಕಾಯಿತು. ಆಗ ಲೀ ಅವರ ವಯಸ್ಸು 35. ಹಿರಿಮಗ ರಿಚರ್ಡ್‌ಗೆ ಹನ್ನೆರಡು ತುಂಬುತ್ತಿತ್ತು, ಕಿರಿಯವ ಮಾರಿಸ್‌ಗೆ ಹತ್ತು.

ಮಾರಿಸ್ ಹುಟ್ಟಿದ್ದು 1939ರ ಮಾರ್ಚ್ 27ರಂದು. ಬಾಲ್ಯದಲ್ಲೇ ಪೋಲಿಯೊ. ಲಸಿಕೆ ಬರಲು ಇನ್ನೂ ವರ್ಷಗಳಿದ್ದ ಕಾಲ ಅದು. ಆದರೆ ಮನೆಯ ಅಂಗಳವೇ ಗ್ಯಾರೇಜಾದಾಗ ಮಕ್ಕಳಿಗೆ ಆಟದ ಸಾಮಾನು ಯಾವುದು ಎಂದು ಬೇರೆ ಹೇಳಬೇಕೇ? ಅಣ್ಣ ರಿಚರ್ಡ್, ತಮ್ಮ ಮಾರಿಸ್, ಇವರ ಜೊತೆಗೆ ಬಂಧುವೇ ಆದ ಡೇಲ್ ಇನ್ಮನ್ ಎಂಬ ಹುಡುಗ. ಮೂವರೂ ಅಪ್ಪನ ಗಾಡಿಯ ಚಕ್ರ ಬಿಚ್ಚಿ, ನಟ್ಟು ಬಿಗಿದು, ಎಣ್ಣೆ ಒರೆಸಿ ಬೆಳೆದರು. ದೊಡ್ಡವರಾದ ಮೇಲೆ ಕೆಲಸ ತಾನಾಗಿ ಮೂರು ಪಾಲಾಯಿತು: ರಿಚರ್ಡ್ ಓಡಿಸುವುದು, ಡೇಲ್ ಗಾಡಿಯ ಮೈಕಟ್ಟು ಮತ್ತು ಓಟದ ದಿನದ ಯಜಮಾನಿಕೆ ನೋಡುವುದು, ಮಾರಿಸ್ ಇಂಜಿನ್.

ಮಾರಿಸ್‌ಗೆ ಓಡಿಸುವ ಆಸೆ ಇರಲಿಲ್ಲವೆಂದಲ್ಲ. 1960ರಿಂದ 1964ರ ನಡುವೆ 26 ಓಟಗಳಲ್ಲಿ ಅವರು ಸ್ಟಿಯರಿಂಗ್ ಹಿಡಿದಿದ್ದಾರೆ. ಅದರಲ್ಲಿ 16 ಸಲ ಮೊದಲ ಹತ್ತರೊಳಗೆ, ಏಳು ಸಲ ಮೊದಲ ಐದರೊಳಗೆ. ತೆಗೆದುಹಾಕುವ ಲೆಕ್ಕವಲ್ಲ, ಇಷ್ಟಕ್ಕೇ ಜೀವಮಾನವಿಡೀ ಮೀಸೆ ತಿರುವುವವರನ್ನು ನಾವು ನೋಡಿದ್ದೇವೆ. ಅವರು ಇಳಿದು ಗ್ಯಾರೇಜಿಗೆ ಹೋದರು. ಒಂದು ಅಂಗಳದಲ್ಲಿ ಇಬ್ಬರು ಓಡಿಸುವವರಿದ್ದು ಇಂಜಿನ್ ಕಟ್ಟುವವನಿಲ್ಲದಿದ್ದರೆ ಗತಿಯೇನು ಎಂಬುದು ಸರಳ ಮನೆವಾರ್ತೆಯ ಪ್ರಶ್ನೆ.

ಮನೆವಾರ್ತೆ ಹುಡುಗರ ತಲೆಗೆ ಬಂದದ್ದಾದರೂ ಇದ್ದಕ್ಕಿದ್ದಂತೆ. 1961ರ ಫೆಬ್ರವರಿಯಲ್ಲಿ ಡೇಟೋನಾ ಟ್ರ್ಯಾಕಿನಲ್ಲಿ 500 ಮೈಲಿಯ ಮುಖ್ಯ ಓಟಕ್ಕೆ ಮುಂಚಿನ ಎರಡು ಅರ್ಹತಾ ಓಟಗಳು ಒಂದೇ ದಿನ ನಡೆದವು. ಮೊದಲನೆಯದರಲ್ಲಿ ರಿಚರ್ಡ್‌ರ ಕಾರು ಟ್ರ್ಯಾಕಿನಿಂದ ಹೊರಗೆ ಹಾರಿತು. ಅವರು ಕಾಲು ಉಳುಕಿಸಿಕೊಂಡು ಪಾರಾದರು. ಎರಡನೆಯದರಲ್ಲಿ ಲೀ ಅವರ ಕಾರು, ಜಾನಿ ಬೋಷಾಂಪ್ ಅವರ ಕಾರು ಎರಡೂ ತಡೆಬೇಲಿ ದಾಟಿ ಕೆಳಗೆ ಬಿದ್ದವು. ಎರಡು ವರ್ಷದ ಹಿಂದೆ, ಮೊಟ್ಟಮೊದಲ ಡೇಟೋನಾ 500ರಲ್ಲಿ ಇದೇ ಬೋಷಾಂಪ್ ಮತ್ತು ಇದೇ ಲೀ ಒಟ್ಟೊಟ್ಟಿಗೆ ಗೆರೆ ದಾಟಿ, ಗೆದ್ದವರು ಯಾರೆಂದು ಫೋಟೋ ನೋಡಿ ತೀರ್ಮಾನಿಸಲು ಮೂರು ದಿನ ಹಿಡಿದಿತ್ತು. ಕೊನೆಗೆ ಗೆಲುವು ಲೀ ಅವರಿಗೆ. ಈ ಬಾರಿ ಲೀ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಮೂರು ಸಲದ ಚಾಂಪಿಯನ್ ಆಮೇಲೆ ಬೆರಳೆಣಿಕೆಯಷ್ಟು ಓಟ ಓಡಿಸಿ ನಿಲ್ಲಿಸಿದರು. ರಿಚರ್ಡ್‌ಗೆ 23, ಮಾರಿಸ್‌ಗೆ 22 ತುಂಬಲು ಇನ್ನೂ ಒಂದು ತಿಂಗಳು. ಗ್ಯಾರೇಜು ಇವರ ಕೈಗೆ ಬಂತು.

ಲೀ ಬಗ್ಗೆ ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡಬೇಕು, ಮುಂದೆ ಬೇಕಾಗುತ್ತದೆ. 1959ರ ಜೂನ್‌ನಲ್ಲಿ ಅಟ್ಲಾಂಟಾದ ಲೇಕ್‌ವುಡ್ ಟ್ರ್ಯಾಕಿನಲ್ಲಿ ರಿಚರ್ಡ್ ಗೆದ್ದರೆಂದು ಬಾವುಟ ಬೀಸಿದರು. ಅವರ ಬದುಕಿನ ಮೊದಲ ಗೆಲುವು. ಅದಕ್ಕೆ ತಕರಾರು ಬರೆದುಕೊಟ್ಟವರು ಎರಡನೆಯವರಾಗಿ ಬಂದ ಚಾಲಕ, ಅಂದರೆ ಅಪ್ಪ ಲೀ. ಸುತ್ತು ಎಣಿಸುವುದರಲ್ಲಿ ತಪ್ಪಾಗಿದೆ ಎಂದರು. ಮತ್ತೆ ಎಣಿಸಿದರು, ತಪ್ಪಾಗಿತ್ತು. ಗೆಲುವು ಅಪ್ಪನ ಖಾತೆಗೆ ಹೋಯಿತು. ಮಗ ತನ್ನ ಮೊದಲ ಗೆಲುವಿಗೆ ಮರುವರ್ಷದ ಫೆಬ್ರವರಿಯವರೆಗೆ ಕಾಯಬೇಕಾಯಿತು. ಮಗ ಮಗನೇ, ಲೆಕ್ಕ ಲೆಕ್ಕವೇ ಎನ್ನುವ ಮನೆ ಅದು.

ಮಾರಿಸ್‌ರ ಕೈಗೆ ಅವರ ಕಾಲದ ಅತಿ ದೊಡ್ಡ ಕೆಲಸ ಬಂದದ್ದು 1964ರಲ್ಲಿ. ಪೆಟ್ಟಿಗಳು ಓಡಿಸುತ್ತಿದ್ದದ್ದು ಪ್ಲಿಮತ್, ಅಂದರೆ ಕ್ರೈಸ್ಲರ್ ಕಂಪನಿಯ ಕಾರು. ಫೋರ್ಡ್ ಮುಂತಾದವರ ಮುಂದೆ ಅದರ ಇಂಜಿನ್ ದೊಡ್ಡ ಟ್ರ್ಯಾಕುಗಳಲ್ಲಿ ಏದುಸಿರು ಬಿಡುತ್ತಿತ್ತು. ಕ್ರೈಸ್ಲರ್ ಆ ವರ್ಷ ಹೊಸದೊಂದು ಇಂಜಿನ್ ಕೊಟ್ಟಿತು: 426 ಘನ ಅಂಗುಲ, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಏಳು ಲೀಟರ್. ಹೆಸರು ಹೆಮಿ. ಪಿಸ್ಟನ್ನಿನ ನೆತ್ತಿಯ ಮೇಲೆ ಪೆಟ್ರೋಲು ಗಾಳಿ ಸೇರಿ ಉರಿಯುವ ಕೋಣೆ ಇದರಲ್ಲಿ ಬಟ್ಟಲು ಕವುಚಿ ಹಾಕಿದಂತೆ ಅರ್ಧಗೋಳದ ಆಕಾರ. ಮಾಮೂಲಿ ಇಂಜಿನ್ನಿನಲ್ಲಿ ಒಳಗೆ ಬಿಡುವ ವಾಲ್ವು, ಹೊರಗೆ ಬಿಡುವ ವಾಲ್ವು ಒಂದರ ಪಕ್ಕ ಒಂದು ಇಕ್ಕಟ್ಟಿನಲ್ಲಿ ಕೂತಿರುತ್ತವೆ. ಹೆಮಿಯಲ್ಲಿ ಎದುರುಬದುರು. ಹಳೆಯ ಮನೆಗಳಲ್ಲಿ ಮುಂಬಾಗಿಲೂ ಹಿತ್ತಲ ಬಾಗಿಲೂ ಒಂದೇ ನೇರದಲ್ಲಿದ್ದರೆ ಗಾಳಿ ಹೇಗೆ ಸೀದಾ ಹಾಯುತ್ತದೋ ಹಾಗೆ. ವಾಲ್ವುಗಳನ್ನು ದೊಡ್ಡದು ಮಾಡಲೂ ಜಾಗ ಸಿಗುತ್ತದೆ. ಗಾಳಿ ಹೆಚ್ಚು ಎಳೆದರೆ ಪೆಟ್ರೋಲು ಹೆಚ್ಚು ಸುಡಬಹುದು. ಇಂಜಿನ್ನಿನ ತಾಕತ್ತಿನ ಗುಟ್ಟು ಬಹುಮಟ್ಟಿಗೆ ಇಷ್ಟೇ.

ಆದರೆ ತಾಕತ್ತು ಬಂದ ಕೂಡಲೇ ಇನ್ನೊಂದು ತಾಪತ್ರಯ ಶುರುವಾಯಿತು. ಪರೀಕ್ಷೆಯಲ್ಲಿ ಓಡಿಸಿದ ಬ್ಲಾಕುಗಳು ಸಿಲಿಂಡರಿನ ಗೋಡೆಯಲ್ಲಿ ಬಿರುಕು ಬಿಟ್ಟವು. ಪಿಸ್ಟನ್ ಕೆಳಗಿಳಿಯುವಾಗ ಒಂದು ಪಕ್ಕಕ್ಕೆ ಒತ್ತುತ್ತದೆ. ಆ ಪಕ್ಕದ ಗೋಡೆ ತಾಳಲಿಲ್ಲ. ಡೇಟೋನಾ ಓಟಕ್ಕೆ ಕೆಲವೇ ವಾರ ಉಳಿದಿರುವಾಗ ಗೋಡೆ ದಪ್ಪ ಮಾಡಿ ಹೊಸದಾಗಿ ಎರಕ ಹೊಯ್ದರು. ಓಟದ ಇಂಜಿನ್ನುಗಳು ಕೈಸೇರುವಾಗ ಹಬ್ಬ ಬಾಗಿಲಿಗೆ ಬಂದಿತ್ತು. ಹೊಸ ಬ್ಲಾಕು, ಹೊಸ ಹೆಡ್ಡು. ಕ್ಯಾಮ್‌ಶಾಫ್ಟ್ ಯಾವ ಕೋನಕ್ಕೆ ಕೂರಿಸಿದರೆ ಸರಿ, ಪಿಸ್ಟನ್‌ಗೂ ಗೋಡೆಗೂ ಎಷ್ಟು ಸಂದು ಬಿಟ್ಟರೆ ಬಿಸಿಯಲ್ಲಿ ಹಿಗ್ಗಿ ಕಚ್ಚಿಕೊಳ್ಳುವುದಿಲ್ಲ, ಎಷ್ಟು ಬಿಟ್ಟರೆ ಎಣ್ಣೆ ಮೇಲೇರಿ ಹೊಗೆಯಾಗುವುದಿಲ್ಲ ಎಂಬುದರ ಅನುಭವ ಯಾರಿಗೂ ಇಲ್ಲ. ಅಂಥ ವಸ್ತುವನ್ನು 24 ವರ್ಷದ ಇಂಜಿನ್ ಮೇಸ್ತ್ರಿಯೊಬ್ಬ 500 ಮೈಲಿ ತಡೆಯುವಂತೆ ಮಾಡಬೇಕಿತ್ತು. ನಿಮಿಷಕ್ಕೆ 6,500 ಸುತ್ತು ಎಂದಿಟ್ಟುಕೊಂಡರೂ ಮೂರೂಕಾಲು ಗಂಟೆಯ ಓಟದಲ್ಲಿ ಕ್ರ್ಯಾಂಕ್ ತಿರುಗುವುದು 12 ಲಕ್ಷಕ್ಕೂ ಹೆಚ್ಚು ಸಲ. ಇದರಲ್ಲಿ ಒಂದೇ ಒಂದು ಸಲ ಒಂದು ವಾಲ್ವ್ ಸ್ಪ್ರಿಂಗ್ ಮುರಿದರೆ ಮುಗಿಯಿತು.

ಫೆಬ್ರವರಿ 23ರಂದು ರಿಚರ್ಡ್ 200 ಸುತ್ತುಗಳಲ್ಲಿ 184 ಸುತ್ತು ಮುಂದೆಯೇ ಇದ್ದರು. ಮೊದಲ ಮೂರು ಸ್ಥಾನವೂ ಪ್ಲಿಮತ್‌ಗೆ: ರಿಚರ್ಡ್, ಜಿಮ್ಮಿ ಪಾರ್ಡೂ, ಪಾಲ್ ಗೋಲ್ಡ್‌ಸ್ಮಿತ್. ಹಿಂದಿನ ವರ್ಷ ಗಂಟೆಗೆ ಸುಮಾರು 160 ಮೈಲಿ ಇದ್ದ ಅತಿ ಹೆಚ್ಚಿನ ಅರ್ಹತಾ ವೇಗ ಈಗ 174 ದಾಟಿತ್ತು. ವೇಗ ಒಂದೇ ವರ್ಷದಲ್ಲಿ ಇಷ್ಟು ಜಿಗಿಯಬಾರದು. ಇದು ನನ್ನ ಅಭಿಪ್ರಾಯ ಅಂದುಕೊಂಡರೂ ಸರಿಯೇ, ಆದರೆ ಆ ವರ್ಷದ ಸಾವುಗಳ ಪಟ್ಟಿ ಓದಿದವರು ಬೇರೆ ಹೇಳಲಾರರು. ಟೈರುಗಳು ಆ ವೇಗಕ್ಕೆ ತಯಾರಿರಲಿಲ್ಲ, ಪೆಟ್ರೋಲ್ ಟ್ಯಾಂಕು ಇನ್ನೂ ಮಾಮೂಲಿ ತಗಡಿನದು. ಮೇ 24ರಂದು ಷಾರ್ಲೆಟ್‌ನ 600 ಮೈಲಿ ಓಟದಲ್ಲಿ ಜಿಮ್ ಪಾಸ್ಕಲ್ ಪೆಟ್ಟಿ ಗ್ಯಾರೇಜಿನ ಪ್ಲಿಮತ್‌ನಲ್ಲಿ ಗೆದ್ದರು, ರಿಚರ್ಡ್ ಎರಡನೆಯವರು. ಲೆವೆಲ್ ಕ್ರಾಸ್‌ನ ಮಟ್ಟಿಗೆ ಹೋಳಿಗೆ ಊಟದ ದಿನ. ಅದೇ ಓಟದ ಆರಂಭದಲ್ಲಿ ಫೈರ್‌ಬಾಲ್ ರಾಬರ್ಟ್ಸ್ ಅವರ ಫೋರ್ಡ್ ಬೆಂಕಿ ಹೊತ್ತಿ ಅವರು ತೀವ್ರವಾಗಿ ಸುಟ್ಟುಹೋಗಿದ್ದರು. ಜುಲೈ 2ರಂದು ತೀರಿಕೊಂಡರು. ಡೇಟೋನಾದಲ್ಲಿ ರಿಚರ್ಡ್‌ರ ಹಿಂದೆ ಬಂದಿದ್ದ ಜಿಮ್ಮಿ ಪಾರ್ಡೂ ಸೆಪ್ಟೆಂಬರಿನಲ್ಲಿ ಅದೇ ಷಾರ್ಲೆಟ್ ಟ್ರ್ಯಾಕಿನಲ್ಲಿ ಟೈರು ಪರೀಕ್ಷೆ ಮಾಡುವಾಗ ಸತ್ತರು. ರಿಚರ್ಡ್ ಆ ವರ್ಷ ತಮ್ಮ ಮೊದಲ ಚಾಂಪಿಯನ್‌ಷಿಪ್ ಗೆದ್ದರು.

ಆ ಒಂದು ಋತುವಿನಲ್ಲಿ ರಿಚರ್ಡ್ ಓಡಿಸಿದ್ದು 61 ಓಟ. ಈ ಅಂಕಿಯನ್ನು ಓಡಿಸುವವನ ದೃಷ್ಟಿಯಿಂದ ಬಿಟ್ಟು ಇಂಜಿನ್ ಕಟ್ಟುವವನ ದೃಷ್ಟಿಯಿಂದ ನೋಡಿ. ಭಾನುವಾರ ಒಂದು ಕಡೆ, ವಾರದ ನಡುವೆ ಇನ್ನೊಂದು ಕಡೆ. ಇವತ್ತು ಎರಡೂವರೆ ಮೈಲಿಯ ದೊಡ್ಡ ಟ್ರ್ಯಾಕು, ನಾಳಿದ್ದು ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕು. ದೊಡ್ಡದರಲ್ಲಿ ಇಂಜಿನ್ ಉಸಿರು ಕಟ್ಟಿ ಒಂದೇ ಸಮನೆ ಓಡಬೇಕು. ಮಣ್ಣಿನದರಲ್ಲಿ ಪ್ರತಿ ತಿರುವಿನಿಂದ ಹೊರಬರುವಾಗ ಒದ್ದುಕೊಂಡು ಏಳಬೇಕು. ಒಂದಕ್ಕೆ ಹೊಂದಿಸಿದ್ದು ಇನ್ನೊಂದಕ್ಕೆ ಆಗುವುದಿಲ್ಲ. ರೇಸ್ ಮುಗಿಸಿ ಬಂದ ಗಾಡಿಯಿಂದ ಇಂಜಿನ್ ಇಳಿಸಿ, ಹೆಡ್ ಬಿಚ್ಚಿ, ತೊಳೆದು, ಬೇರಿಂಗ್ ನೋಡಿ, ಬಿರುಕು ಹುಡುಕಿ, ಮತ್ತೆ ಕಟ್ಟಿ ಏರಿಸುವಷ್ಟರಲ್ಲಿ ಮುಂದಿನ ಓಟಕ್ಕೆ ಗಾಡಿ ಹೊರಡುವ ಹೊತ್ತು. ಇದರ ಮೇಲೆ ಓಟದ ದಿನ, ನಡುವೆ ಗಾಡಿ ನಿಲ್ಲಿಸಿ ಟೈರು ಬದಲಿಸುವ ಪಿಟ್‌ನಲ್ಲೂ ಮಾರಿಸ್ ನಿಲ್ಲಬೇಕು. 1972ರಲ್ಲಿ ವೇಳಾಪಟ್ಟಿಯನ್ನು 31 ಓಟಗಳಿಗೆ ಇಳಿಸಿದಾಗ ಅಭಿಮಾನಿಗಳಿಗೆ ಬೇಸರವಾಗಿರಬಹುದು. ಗ್ಯಾರೇಜಿನ ಹೆಂಗಸರು ಮಕ್ಕಳು ಮನೆಯ ಗಂಡಸರ ಮುಖ ನೋಡುವಂತಾಯಿತೆಂದೇ ನನ್ನ ಊಹೆ.

ಹೆಮಿಯ ಕತೆ ಅಷ್ಟು ಸಲೀಸಾಗಿ ಮುಂದುವರಿಯಲಿಲ್ಲ. 1965ಕ್ಕೆ ನ್ಯಾಸ್ಕಾರ್ ಅದನ್ನು ನಿಷೇಧಿಸಿತು, ಕ್ರೈಸ್ಲರ್ ಮುನಿಸಿಕೊಂಡು ಹೊರನಡೆಯಿತು. ಪೆಟ್ಟಿಗಳು ಒಂದು ಪುಟ್ಟ ಪ್ಲಿಮತ್ ಬ್ಯಾರಾಕುಡಾ ಕಾರಿಗೆ ಹೆಮಿ ಏರಿಸಿ ಕಾಲು ಮೈಲಿಯ ಡ್ರ್ಯಾಗ್ ರೇಸಿಗೆ ಹೋದರು. ಆ ಫೆಬ್ರವರಿ ಕೊನೆಯಲ್ಲಿ ಜಾರ್ಜಿಯಾ ರಾಜ್ಯದ ಒಂದು ಡ್ರ್ಯಾಗ್ ಟ್ರ್ಯಾಕಿನಲ್ಲಿ ಕಾರು ಹಿಡಿತ ತಪ್ಪಿತು. ಅದರ ಚೂರು ಜನರ ನಡುವೆ ಹಾರಿ ಎಂಟು ವರ್ಷದ ಬಾಲಕನೊಬ್ಬ ಸತ್ತ. ಗೆಲುವುಗಳ ನಡುವೆ ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸುವುದು ನನಗೆ ಸರಿಕಾಣುವುದಿಲ್ಲ, ಹೆಚ್ಚು ಹೇಳಲು ಮನಸ್ಸೂ ಬಾರದು. ಬೇಸಗೆಯ ಹೊತ್ತಿಗೆ ರಾಜಿಯಾಗಿ ತಂಡ ಮರಳಿತು. 1966ರಲ್ಲಿ ರಿಚರ್ಡ್ ಮತ್ತೆ ಡೇಟೋನಾ 500 ಗೆದ್ದರು. ಅದನ್ನು ಎರಡು ಸಲ ಗೆದ್ದ ಮೊದಲಿಗರು ಅವರು.

ಆಮೇಲೆ 1967. ಹಿಂದಿನ ವರ್ಷದ ಮಾಡೆಲ್‌ನ ಹಳೆಯ ಪ್ಲಿಮತ್ ಬೆಲ್ವಡೇರನ್ನೇ ಹೊಸ ತಗಡು ಹೊದಿಸಿ ಓಡಿಸಿದರು. 48 ಓಟದಲ್ಲಿ 27 ಗೆಲುವು. ಆಗಸ್ಟ್ 12ರಿಂದ ಅಕ್ಟೋಬರ್ 1ರವರೆಗೆ ಬೇರೆ ಯಾರೂ ಗೆಲ್ಲಲೇ ಇಲ್ಲ, ಸಾಲಾಗಿ ಹತ್ತು. ಈ ಎರಡು ದಾಖಲೆಯನ್ನು ಯಾರೂ ಮುಟ್ಟಿಲ್ಲ, ಇನ್ನು ಮುಟ್ಟುವಂತೆಯೂ ಇಲ್ಲ. ರಿಚರ್ಡ್‌ಗೆ 'ಕಿಂಗ್' ಎಂಬ ಬಿರುದು ಗಟ್ಟಿಯಾಗಿ ಅಂಟಿದ್ದು ಆ ವರ್ಷ. ನನಗೆ ಆಸಕ್ತಿ ಇರುವುದು ಇನ್ನೊಂದು ಕಡೆ. ಹತ್ತು ಓಟ ಸಾಲಾಗಿ ಗೆಲ್ಲಬೇಕಾದರೆ ಚಾಲಕ ಹುಷಾರಾಗಿರಬೇಕು, ಅದೃಷ್ಟವೂ ಬೇಕು, ಒಪ್ಪುತ್ತೇನೆ. ಆದರೆ ಹತ್ತು ಓಟದಲ್ಲಿ ಒಮ್ಮೆಯೂ ಇಂಜಿನ್ ಕೈಕೊಡಬಾರದು. ಅರ್ಧ ಮೈಲಿಗಿಂತ ಚಿಕ್ಕ ಟ್ರ್ಯಾಕಿನಲ್ಲೂ ಡಾರ್ಲಿಂಗ್‌ಟನ್‌ನ 500 ಮೈಲಿಯಲ್ಲೂ. ಕೈಕೊಡಲಿಲ್ಲ.

1970ರಲ್ಲಿ ಗ್ಯಾರೇಜು ಎರಡು ಕಾರು ಹೊರಡಿಸಿತು. ಬಾಲಕ್ಕೆ ಎತ್ತರದ ರೆಕ್ಕೆ ಕಟ್ಟಿದ, ಮೂತಿ ಚೂಪಾದ ಪ್ಲಿಮತ್ ಸೂಪರ್‌ಬರ್ಡ್. ಒಂದು ರಿಚರ್ಡ್‌ಗೆ, ಇನ್ನೊಂದು 40ನೇ ನಂಬರಿನದು ಪೀಟ್ ಹ್ಯಾಮಿಲ್ಟನ್ ಎಂಬ ತರುಣನಿಗೆ. ಪೀಟ್‌ರ ಕಾರಿನ ಯಜಮಾನಿಕೆ ಮಾರಿಸ್‌ರದು. ಡೇಟೋನಾ 500ರಲ್ಲಿ ರಿಚರ್ಡ್‌ರ ಇಂಜಿನ್ ಬೇಗ ಕೆಟ್ಟಿತು. ಕೊನೆಗೆ ಒಂಬತ್ತು ಸುತ್ತು ಉಳಿದಿರುವಾಗ ಡೇವಿಡ್ ಪಿಯರ್ಸನ್‌ರನ್ನು ದಾಟಿ ಗೆದ್ದದ್ದು ಪೀಟ್. ಆ ವರ್ಷ ಟ್ಯಾಲಡೇಗಾದ ಎರಡೂ ಓಟ ಅವರವೇ. ಅಣ್ಣನ ನೆರಳಿಲ್ಲದೆ ತಮ್ಮ ಒಂದು ಕಾರನ್ನು ಪೂರ್ತಿಯಾಗಿ ನೋಡಿಕೊಂಡಾಗ ಏನಾಯಿತು ಎಂಬುದಕ್ಕೆ ಈ ಮೂರು ಗೆಲುವು ಸಾಕು. ಮುಂದಿನ ವರ್ಷ ಕ್ರೈಸ್ಲರ್ ರೇಸಿನ ಖರ್ಚು ಕಡಿತ ಮಾಡಿ ಎರಡೇ ಕಾರಿಗೆ ಕೈಹಿಡಿಯಿತು, ಎರಡೂ ಲೆವೆಲ್ ಕ್ರಾಸಿನವು: ರಿಚರ್ಡ್‌ರ ಪ್ಲಿಮತ್, ಬಡ್ಡಿ ಬೇಕರ್‌ರ ಡಾಡ್ಜ್. ಒಂದು ಕಾರು ಕಂಪನಿ ತನ್ನ ರೇಸಿನ ಮಾನವನ್ನು ಒಂದೇ ಗ್ಯಾರೇಜಿನ ಇಂಜಿನ್ ಕೋಣೆಗೆ ಒಪ್ಪಿಸಿದಂತಾಯಿತು.

ಅಲ್ಲಿಂದ ಮುಂದೆ ಇಂಜಿನ್ ಕಟ್ಟುವವನ ಕೆಲಸ ನಿಯಮ ಪುಸ್ತಕದ ಜೊತೆ ಕುಸ್ತಿಯಾಯಿತು. 1970ರ ಆಗಸ್ಟಿನಲ್ಲಿ ಕಾರ್ಬುರೇಟರ್ ಕೆಳಗೆ ತೂತು ಕೊರೆದ ತಗಡಿನ ಬಿಲ್ಲೆ ಇಡಬೇಕೆಂದರು, ಇಂಜಿನ್ನಿನ ಉಸಿರು ಕಟ್ಟಲು. ರೆಕ್ಕೆಯ ಕಾರಿಗೆ ಚಿಕ್ಕ ಇಂಜಿನ್ ಎಂದರು. ದೊಡ್ಡ ಹೆಮಿಗೆ ದಾರಿ ಕಿರಿದಾಗುತ್ತ ಬಂದು, ಕೊನೆಗೆ ಎಲ್ಲರಿಗೂ 358 ಘನ ಅಂಗುಲದ ಗೆರೆ ಎಳೆದರು. ಗೆಲುವೇನೂ ನಿಲ್ಲಲಿಲ್ಲ: 1971, 72, 74, 75ರಲ್ಲಿ ಚಾಂಪಿಯನ್‌ಷಿಪ್. 1974ರ ಡೇಟೋನಾ 500ಅನ್ನು ತೈಲ ಬಿಕ್ಕಟ್ಟಿನ ಕಾರಣ 450 ಮೈಲಿಗೆ ಇಳಿಸಿ, ಮೊದಲ 20 ಸುತ್ತು ಓಡಿದಂತೆ ಲೆಕ್ಕ ಹಿಡಿದು 21ರಿಂದ ಶುರುಮಾಡಿದರು. ಅದನ್ನೂ ರಿಚರ್ಡ್ ಗೆದ್ದರು.

ಇಂಜಿನ್ನಿನ ಮನುಷ್ಯನಿಗೆ ಹೊಟ್ಟೆ ಉರಿಸಿದ್ದು 1976ರ ಡೇಟೋನಾ ಇರಬೇಕು. ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ರಿಚರ್ಡ್, ಪಿಯರ್ಸನ್ ಇಬ್ಬರ ಕಾರೂ ಒಂದಕ್ಕೊಂದು ತಗುಲಿ ಗೋಡೆಗೆ ಬಡಿದು ಗಿರಕಿ ಹೊಡೆದವು. ರಿಚರ್ಡ್‌ರ ಕಾರು ಗೆರೆಗೆ ಕೆಲವೇ ಗಜ ಇರುವಾಗ ನಿಂತಿತು, ಇಂಜಿನ್ ಆಫ್. ಎಷ್ಟು ತಿರುಗಿಸಿದರೂ ಸ್ಟಾರ್ಟ್ ಆಗಲೊಲ್ಲದು. ಪಿಯರ್ಸನ್ ಗಿರಕಿಯಲ್ಲೂ ಕ್ಲಚ್ ಒತ್ತಿ ಹಿಡಿದು ಇಂಜಿನ್ ಸಾಯದಂತೆ ನೋಡಿಕೊಂಡಿದ್ದರು. ಮೂತಿ ಜಜ್ಜಿದ ಕಾರನ್ನು ಎತ್ತಿನ ಗಾಡಿಯಂತೆ ತೆವಳಿಸಿಕೊಂಡು ಎದುರಿಗೇ ಗೆರೆ ದಾಟಿದರು. ಪೆಟ್ಟಿ ಪಿಟ್‌ನ ಹುಡುಗರು ಓಡಿಬಂದು ಕಾರು ತಳ್ಳಿದರು. ತಳ್ಳಿದ್ದು ಲೆಕ್ಕಕ್ಕೆ ಬರಲಿಲ್ಲ. ಎರಡನೆಯ ಸ್ಥಾನ.

ಕ್ರೈಸ್ಲರ್‌ನ ನಂಟು 1978ರಲ್ಲಿ ಹರಿಯಿತು. ಆ ವರ್ಷದ ಡಾಡ್ಜ್ ಮ್ಯಾಗ್ನಮ್ ಓಡಲಿಲ್ಲ. ರಿಚರ್ಡ್ ಹಿಂದಿನ ಬೇಸಗೆಯಿಂದ ಒಂದೂ ಗೆದ್ದಿರಲಿಲ್ಲ. ಆಗಸ್ಟಿನಲ್ಲಿ ಗ್ಯಾರೇಜು ಜನರಲ್ ಮೋಟಾರ್ಸ್ ಕಡೆಗೆ ಹೊರಳಿತು. ನಡುವೆ 1969ರಲ್ಲಿ ಒಂದು ವರ್ಷ ಫೋರ್ಡ್ ಓಡಿಸಿದ್ದು ಬಿಟ್ಟರೆ ಸುಮಾರು ಎರಡು ದಶಕ ಕ್ರೈಸ್ಲರ್ ಇಂಜಿನ್ನನ್ನೇ ಬಿಚ್ಚಿ ಕಟ್ಟಿದ ಕೈಗೆ ನಲವತ್ತರ ಹೊಸ್ತಿಲಲ್ಲಿ ಬೇರೆ ಕಂಪನಿಯ ಇಂಜಿನ್. ಅಡುಗೆಮನೆ ಬದಲಾದ ಹಾಗೆ: ಉಪ್ಪು ಎಲ್ಲಿ, ಹುಳಿ ಎಲ್ಲಿ ಎಂದು ಮೊದಲಿನಿಂದ ಹುಡುಕಬೇಕು. ಆರು ತಿಂಗಳಲ್ಲಿ, 1979ರ ಫೆಬ್ರವರಿ 18ರಂದು, ಓಲ್ಡ್ಸ್‌ಮೊಬೀಲ್ ಕಾರಿನಲ್ಲಿ ರಿಚರ್ಡ್ ಡೇಟೋನಾ ಗೆದ್ದರು. ಮೊದಲಿನಿಂದ ಕೊನೆವರೆಗೆ ಟಿವಿಯಲ್ಲಿ ನೇರಪ್ರಸಾರವಾದ ಮೊದಲ ಡೇಟೋನಾ 500 ಅದು. ಮುಂದಿದ್ದ ಇಬ್ಬರು ಕೊನೆಯ ಸುತ್ತಿನಲ್ಲಿ ಡಿಕ್ಕಿ ಹೊಡೆದು, ಇಳಿದು, ಕೈಕೈ ಮಿಲಾಯಿಸಿದ್ದನ್ನು ದೇಶವೆಲ್ಲ ನೋಡಿತು. ಆ ಗಲಾಟೆಯ ನಡುವೆ ಗೆದ್ದ ಕಾರಿನ ಇಂಜಿನ್ ಬಗ್ಗೆ ಯಾರು ಕೇಳುತ್ತಾರೆ? ವರ್ಷದ ಕೊನೆಗೆ ಏಳನೆಯ ಚಾಂಪಿಯನ್‌ಷಿಪ್ಪೂ ಬಂತು. 1981ರಲ್ಲಿ ಏಳನೆಯ ಡೇಟೋನಾ 500. ಅದಾದ ಕೂಡಲೇ ಡೇಲ್ ಇನ್ಮನ್ ಬೇರೆ ತಂಡಕ್ಕೆ ಹೊರಟುಹೋದರು. ಮೂರು ಕಲ್ಲಿನ ಒಲೆಗೆ ಒಂದು ಕಲ್ಲು ಕಡಿಮೆಯಾಯಿತು.

ಈಗ 1983. ಸ್ಮರಣ ಸಂಚಿಕೆಗಳ ಸ್ವಭಾವ ಎಲ್ಲರಿಗೂ ಗೊತ್ತಿರುವುದೇ. ಮಂತ್ರಿಗಳ ಶುಭಸಂದೇಶ, ಹಾರ ಹಾಕಿಕೊಂಡ ಅಧ್ಯಕ್ಷರ ಸಾಲು ಫೋಟೋ, ಸೀರೆ ಅಂಗಡಿಯ ಅರ್ಧ ಪುಟ. ಸಂಸ್ಥೆಯ ಕಷ್ಟಕಾಲವನ್ನು 'ಕೆಲವು ಅನಿವಾರ್ಯ ಕಾರಣಗಳಿಂದ' ಎಂಬ ಮೂರು ಪದದಲ್ಲಿ ಹೂತುಬಿಡುತ್ತಾರೆ. ನಾನು ಹಾಗೆ ಮಾಡಲಾರೆ.

ಅಕ್ಟೋಬರ್ 9ರಂದು ಷಾರ್ಲೆಟ್‌ನ 500 ಮೈಲಿ ಓಟದಲ್ಲಿ ರಿಚರ್ಡ್ ಕೊನೆಯ ಭಾಗದಲ್ಲಿ ಡ್ಯಾರೆಲ್ ವಾಲ್ಟ್ರಿಪ್ ಅವರನ್ನು ದಾಟಿ ಗೆದ್ದರು. 198ನೆಯ ಗೆಲುವು. ಓಟದ ನಂತರದ ತಪಾಸಣೆಯಲ್ಲಿ ಎರಡು ದೋಷ ಸಿಕ್ಕವು. ಎಡಗಡೆಗೆ ಹಾಕಬೇಕಾದ ಮೆತ್ತನೆಯ ಟೈರನ್ನು ಬಲಗಡೆಗೆ ಹಾಕಿದ್ದರು. ಇಂಜಿನ್ ಅಳತೆ 381.983 ಘನ ಅಂಗುಲ, ಮಿತಿ 358. ಹೆಚ್ಚಾದದ್ದು 24ರಷ್ಟು. ಎಂಟು ಸಿಲಿಂಡರಿಗೆ ಹಂಚಿದರೆ ಒಂದೊಂದಕ್ಕೆ ಮೂರು ಘನ ಅಂಗುಲ, ಸುಮಾರು 50 ಮಿಲಿಲೀಟರ್. ದರ್ಶಿನಿಯಲ್ಲಿ ಕೊಡುವ ಬೈಟು ಕಾಫಿಗಿಂತ ಕಡಿಮೆ. ಆದರೆ ಎಲ್ಲರೂ 358ಕ್ಕೆ ನಿಂತಿರುವ ಕಣದಲ್ಲಿ ಅದು ಗೊತ್ತಿಲ್ಲದೆ ಆಗುವ ವ್ಯತ್ಯಾಸವಲ್ಲ. ಬೋರು ಒಂದು ಕೂದಲು ಹೆಚ್ಚಾಯಿತು, ಹೋನಿಂಗ್ ಮಾಡುವಾಗ ಕಲ್ಲು ಸ್ವಲ್ಪ ಜಾಸ್ತಿ ತಿಂದಿತು ಎಂದರೆ ಯಾವ ಗ್ಯಾರೇಜಿನ ಹುಡುಗನೂ ನಂಬುವುದಿಲ್ಲ. ಮಾರಿಸ್ ಹಾಗೆ ಹೇಳಲೂ ಇಲ್ಲ. ಇಂಜಿನ್ ತನ್ನದು, ಹೊಣೆ ತನ್ನದು ಎಂದು ಒಪ್ಪಿಕೊಂಡರು. ತನಗೆ ಇದು ಗೊತ್ತಿರಲಿಲ್ಲವೆಂದು ರಿಚರ್ಡ್ ಹೇಳಿದರು. ನ್ಯಾಸ್ಕಾರ್ 35,000 ಡಾಲರ್ ದಂಡ ಹಾಕಿ 104 ಅಂಕ ಕಿತ್ತುಕೊಂಡಿತು. ಅಲ್ಲಿಯವರೆಗಿನ ಅತಿ ದೊಡ್ಡ ದಂಡ. ಗೆಲುವನ್ನು ಮಾತ್ರ ಅವರ ಹೆಸರಿನಲ್ಲೇ ಬಿಟ್ಟಿತು.

ಆ ಗೆಲುವನ್ನು ಉಳಿಸಿದ್ದು ಸರಿಯೇ? ನನ್ನ ಮಟ್ಟಿಗೆ ಅಲ್ಲ. ಸುತ್ತು ತಪ್ಪಾಗಿ ಎಣಿಸಿದ್ದಕ್ಕೆ ಹೆತ್ತ ಮಗನ ಮೊದಲ ಗೆಲುವಿಗೇ ತಕರಾರು ಕೊಟ್ಟ ತಂದೆಯ ಅಂಗಳದಲ್ಲಿ 24 ಘನ ಅಂಗುಲವನ್ನು ಕಣ್ಮುಚ್ಚಿ ಲೆಕ್ಕಕ್ಕೆ ಬರೆದುಕೊಂಡದ್ದು ಹೊಂದಿಕೆಯಾಗದ ಮಾತು. ಹಾಗೆಂದು 44 ವರ್ಷದ ಆ ಮನುಷ್ಯ ಅಲ್ಲಿಗೆ ಹೇಗೆ ಬಂದು ನಿಂತರು ಎಂಬುದು ತಿಳಿಯದ ವಿಷಯವೂ ಅಲ್ಲ. ಹೊಸ ಹಣ, ಹೊಸ ಯಂತ್ರ, ಹೊಸ ಹುಡುಗರಿದ್ದ ತಂಡಗಳು ಸುತ್ತ ಎದ್ದಿದ್ದವು. ಲೆವೆಲ್ ಕ್ರಾಸಿನಲ್ಲಿ ಇಂಜಿನ್ ಕೋಣೆಯ ದೀಪ ರಾತ್ರಿ ಉರಿಯುತ್ತಲೇ ಇತ್ತು, ಗೆಲುವು ಮೊದಲಿನಂತೆ ಬರುತ್ತಿರಲಿಲ್ಲ. ಅಣ್ಣನ ಖಾತೆಯಲ್ಲಿ 200ಕ್ಕೆ ಮೂರೇ ಮೂರು ಬಾಕಿ. ಕಾರಣ ಹೇಳಿದ ಮಾತ್ರಕ್ಕೆ ತಪ್ಪು ಕರಗುವುದಿಲ್ಲ. ಕಾರಣ ಹೇಳದೆ ತಪ್ಪನ್ನಷ್ಟೇ ಹೇಳಿದರೆ ಅದೂ ಅರ್ಧ ಚರಿತ್ರೆ.

ಮರುವರ್ಷ ರಿಚರ್ಡ್ ಅಪ್ಪನ ಅಂಗಳ ಬಿಟ್ಟು ಮೈಕ್ ಕರ್ಬ್ ಅವರ ತಂಡ ಸೇರಿದರು. 199ನೆಯದು ಮೇ ತಿಂಗಳಲ್ಲಿ ಡೋವರ್‌ನಲ್ಲಿ. 200ನೆಯದು 1984ರ ಜುಲೈ 4ರಂದು ಡೇಟೋನಾದಲ್ಲಿ, ಅಧ್ಯಕ್ಷ ರೇಗನ್ ಅವರ ಕಣ್ಣೆದುರು. ನೀಲಿ ಕಾರು ಅದೇ, ನಂಬರ್ 43 ಅದೇ, ಚಾಲಕ ಅವರೇ. ಇಂಜಿನ್ ಮಾತ್ರ ರಾಬರ್ಟ್ ಯೇಟ್ಸ್ ಅವರ ಕೈಯದು. ರಿಚರ್ಡ್ 1986ರಲ್ಲಿ ಮನೆಗೆ ಮರಳಿದರು, 1992ರವರೆಗೆ ಓಡಿಸಿದರು, 201ನೆಯದು ಬರಲಿಲ್ಲ.

ನ್ಯಾಸ್ಕಾರ್‌ನ ಕೀರ್ತಿಭವನ ಷಾರ್ಲೆಟ್‌ನಲ್ಲಿ ತೆರೆದ ಮೇಲೆ ರಿಚರ್ಡ್, ಲೀ, ಡೇಲ್ ಇನ್ಮನ್ ಒಬ್ಬೊಬ್ಬರಾಗಿ ಒಳಹೋದರು. ಮಾರಿಸ್‌ರ ಸರದಿ ಬಂದದ್ದು 2014ರ ಜನವರಿಯಲ್ಲಿ. ಇಂಜಿನ್ ಕಟ್ಟಿದ ಕೆಲಸಕ್ಕಾಗಿ ಅಲ್ಲಿ ಸೇರಿದ ಮೊದಲಿಗರು ಅವರು. ಅವರ ಜೊತೆ ಅದೇ ಸಂಜೆ ಹೆಸರು ಸೇರಿಸಿಕೊಂಡವರಲ್ಲಿ ಫೈರ್‌ಬಾಲ್ ರಾಬರ್ಟ್ಸ್ ಒಬ್ಬರು. ಮಾರಿಸ್‌ರ ಇಂಜಿನ್ನುಗಳು ಮೊದಲೆರಡು ಸ್ಥಾನ ಗೆದ್ದ ಆ ಮೇ ತಿಂಗಳ ಓಟದಲ್ಲಿ ಸುಟ್ಟುಹೋದವರು, ಐವತ್ತು ವರ್ಷದ ನಂತರ. 2020ರ ಜುಲೈ 25ರಂದು ಮಾರಿಸ್ ತೀರಿಕೊಂಡರು, ವಯಸ್ಸು 81.

ಲೆವೆಲ್ ಕ್ರಾಸಿನ ಹಳೆಯ ಗ್ಯಾರೇಜಿನ ಕಟ್ಟಡಗಳಲ್ಲಿ ಈಗ ಮ್ಯೂಸಿಯಂ ಇದೆ. ಈ ಲೇಖನದ ಬೆನ್ನಿಗೆ ತಂಡದ ಗೆಲುವುಗಳ ಪಟ್ಟಿಯನ್ನು ಅಚ್ಚು ಹಾಕುತ್ತೇವೆಂದು ಸಂಪಾದಕರು ಹೇಳಿದ್ದಾರೆ: ದಿನಾಂಕ, ಟ್ರ್ಯಾಕು, ಚಾಲಕ, ಕಾರು. ಇಂಜಿನ್ ಕಟ್ಟಿದವರು ಯಾರು ಎಂಬ ಐದನೆಯ ಕಾಲಂ ಒಂದನ್ನು ಸೇರಿಸಿ ಎಂದು ಕೇಳಿದ್ದೇನೆ. ಜಾಗ ಸಾಲದು ಎನ್ನುತ್ತಿದ್ದಾರೆ. ಹಾಗಾದರೆ ರಿಚರ್ಡ್‌ರ 198ನೆಯ ಗೆಲುವಿನ ಸಾಲಿನ ಎದುರಾದರೂ 381.983 ಎಂದು ಸಣ್ಣ ಅಕ್ಷರದಲ್ಲಿ ಹಾಕಿ, ಪಕ್ಕದಲ್ಲಿ ಮಾರಿಸ್ ಎಂದು ಬರೆಯಿರಿ ಎಂದಿದ್ದೇನೆ.